ರೂಟ್ ಕೆನಾಲ್ ಆದ ಹಲ್ಲಿಗೆ ಕ್ಯಾಪ್ ಏಕೆ ಬೇಕು? ಪಿಯರ್ ಫೋಶಾರ್ ಬದುಕಿನಲ್ಲಿದೆ ಉತ್ತರ

ದವಡೆ ಹಲ್ಲಿನ ನೋವು ತಡೆಯಲಾರದೆ ದಂತವೈದ್ಯರ ಬಳಿ ಹೋಗುತ್ತೇವೆ. ಅವರು ಎಕ್ಸ್‌ರೇ ತೆಗೆದು ನೋಡಿ, ಸೋಂಕು ಬೇರಿನವರೆಗೆ ಇಳಿದಿದೆ, ರೂಟ್ ಕೆನಾಲ್ ಮಾಡಬೇಕು ಎನ್ನುತ್ತಾರೆ. ಎರಡು ಮೂರು ಸಲ ಓಡಾಡಿದ ಮೇಲೆ ನೋವು ಪೂರ್ತಿ ಹೋಗುತ್ತದೆ. ಅಲ್ಲಿಗೆ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ವೈದ್ಯರು ಇನ್ನೊಂದು ಮಾತು ಸೇರಿಸುತ್ತಾರೆ, ಈ ಹಲ್ಲಿಗೆ ಕ್ಯಾಪ್ ಹಾಕಿಸಿಕೊಳ್ಳಬೇಕು ಎಂದು. ನೋವೇ ಇಲ್ಲದ ಹಲ್ಲಿಗೆ ಮತ್ತೆ ಯಾಕೆ ಖರ್ಚು ಎಂದು ನಮ್ಮಲ್ಲಿ ಬಹಳ ಜನರಿಗೆ ಅನ್ನಿಸುವುದು ಆಗಲೇ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಈ ಪ್ರಶ್ನೆಗೆ ಇನ್ನಷ್ಟು ತೂಕವಿದೆ. ತೋಟದ ನಡುವಿನ ಒಂಟಿ ಮನೆಗಳಿಂದ ಪೇಟೆಗೆ ಹೋಗಿ ಬರುವುದೆಂದರೆ ಒಂದು ದಿನದ ಕೆಲಸ. ಮಳೆಗಾಲ ಹಿಡಿದರೆ ಹೊರಡಲು ಮನಸ್ಸಾಗದು, ಅಡಿಕೆ ಕೊಯ್ಲು ಶುರುವಾದರೆ ಬಿಡುವಾಗದು. ಕ್ಯಾಪ್ ಮುಂದಿನ ತಿಂಗಳಿಗೆ, ಅಲ್ಲಿಂದ ಮುಂದಿನ ವರ್ಷಕ್ಕೆ ಹೋಗುತ್ತದೆ. ಊಟವಾದ ಮೇಲೆ ಕವಳ ಹಾಕುವ ಮನೆಗಳು ಇವು. ಒಂದು ದಿನ ಅಡಿಕೆ ಹೋಳನ್ನು ಕಚ್ಚುವಾಗ ಕಟ್ ಎಂದು ಸದ್ದಾಗಿ ಅರ್ಧ ಹಲ್ಲು ನಾಲಿಗೆಗೆ ಸಿಗುತ್ತದೆ. ಸೀಳು ಬೇರಿನವರೆಗೆ ಇಳಿದಿದ್ದರೆ ಆ ಹಲ್ಲನ್ನು ಕೀಳದೆ ದಾರಿಯಿಲ್ಲ. ಉಳಿಸಲೆಂದು ಮಾಡಿದ ಅಷ್ಟೂ ಚಿಕಿತ್ಸೆ ನೀರಿಗೆ ಹೋದಂತೆ.

ನೋವು ಹೋಗುವುದು ಒಂದು, ಹಲ್ಲು ಉಳಿಯುವುದು ಇನ್ನೊಂದು. ಈ ವ್ಯತ್ಯಾಸವನ್ನು ಸುಮಾರು 300 ವರ್ಷಗಳ ಹಿಂದೆಯೇ ಗ್ರಹಿಸಿ, ಹಲ್ಲನ್ನು ಕೀಳುವುದಕ್ಕಿಂತ ಉಳಿಸುವುದೇ ವೈದ್ಯರ ಕೆಲಸ ಎಂದು ಬರೆದಿಟ್ಟವರು ಫ್ರಾನ್ಸಿನ ಪಿಯರ್ ಫೋಶಾರ್. ಅವರನ್ನು ಆಧುನಿಕ ದಂತವೈದ್ಯಶಾಸ್ತ್ರದ ಪಿತಾಮಹ ಎಂದು ಕರೆಯುವುದು ವಾಡಿಕೆ. ಅವರ ಬದುಕನ್ನು ನೋಡುತ್ತ ಹೋದರೆ ನಮ್ಮ ಕ್ಯಾಪ್ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಹಡಗು ಹತ್ತಿದ ಹುಡುಗ

ಫೋಶಾರ್ ಹುಟ್ಟಿದ್ದು 1678ರ ಸುಮಾರಿಗೆ, ಫ್ರಾನ್ಸಿನ ಪಶ್ಚಿಮ ಭಾಗದಲ್ಲಿ. ಹೇಳಿಕೊಳ್ಳುವಂಥ ಸಿರಿತನದ ಮನೆಯಲ್ಲ. 1693ರಲ್ಲಿ, ಹದಿನೈದನೆಯ ವಯಸ್ಸಿಗೆ ಅವರು ನೌಕಾಪಡೆ ಸೇರಿದರು. ಅಲ್ಲಿ ಅಲೆಕ್ಸಾಂದ್ರ್ ಪೋತ್ಲರೆ ಎಂಬ ಶಸ್ತ್ರವೈದ್ಯರ ಕೈಕೆಳಗೆ ಕೆಲಸ ಕಲಿಯುವ ಅವಕಾಶ ಸಿಕ್ಕಿತು. ಪೋತ್ಲರೆಗೆ ಬಾಯಿಯ ರೋಗಗಳಲ್ಲಿ ವಿಶೇಷ ಆಸಕ್ತಿಯಿತ್ತು.

ಬಾಯಿಯ ರೋಗ ಕಲಿಯಲು ಆ ಕಾಲದ ಹಡಗಿಗಿಂತ ಒಳ್ಳೆಯ ಜಾಗ ಇನ್ನೊಂದಿರಲಿಲ್ಲ. ತಿಂಗಳುಗಟ್ಟಲೆ ಸಮುದ್ರದ ಮೇಲೆ ಇರುತ್ತಿದ್ದ ನಾವಿಕರಿಗೆ ತಾಜಾ ಹಣ್ಣು ತರಕಾರಿ ಸಿಗುತ್ತಿರಲಿಲ್ಲ. ವಸಡು ಊದಿ ರಕ್ತ ಸುರಿಯುತ್ತಿತ್ತು, ಗಟ್ಟಿ ಹಲ್ಲುಗಳು ಸಡಿಲವಾಗಿ ಉದುರುತ್ತಿದ್ದವು. ಇದು ಸ್ಕರ್ವಿ, ಅಂದರೆ ಸಿ ಜೀವಸತ್ವದ ಕೊರತೆಯ ರೋಗ ಎಂದು ಇಂದು ನಮಗೆ ಗೊತ್ತು. ಅಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ನೂರಾರು ಬಾಯಿಗಳನ್ನು ಹತ್ತಿರದಿಂದ ನೋಡಿದ ಹುಡುಗನಿಗೆ ಒಂದು ಸಂಗತಿ ಮನಸ್ಸಿಗೆ ಇಳಿಯಿತು. ಹಲ್ಲು ಎಂದರೆ ದವಡೆಗೆ ನೆಟ್ಟ ಕಲ್ಲಲ್ಲ, ಅದು ದೇಹದ ಒಂದು ಭಾಗ. ಅದಕ್ಕೂ ರೋಗವಿದೆ, ರೋಗಕ್ಕೆ ಕಾರಣವಿದೆ, ಕಾರಣ ತಿಳಿದರೆ ಚಿಕಿತ್ಸೆಯೂ ಇರಬೇಕು.

ಮೂರು ವರ್ಷಗಳ ನಂತರ ನೌಕಾಪಡೆ ಬಿಟ್ಟು ಫೋಶಾರ್ ಆಂಜೆ ಎಂಬ ಊರಿನಲ್ಲಿ ನೆಲೆಸಿದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಯೂ, ನಾಂತ್, ರೆನ್, ತೂರ್ ಮುಂತಾದ ಸುತ್ತಲಿನ ಊರುಗಳಲ್ಲಿಯೂ ಹಲ್ಲಿನ ಚಿಕಿತ್ಸೆ ಮಾಡಿದರು. ತಮ್ಮನ್ನು ಅವರು ದಂತ ಶಸ್ತ್ರವೈದ್ಯ ಎಂದು ಕರೆದುಕೊಂಡರು. ಈ ಹೆಸರಿಗೆ ಅಂದು ದೊಡ್ಡ ಅರ್ಥವಿತ್ತು. ಏಕೆಂದರೆ ಹಲ್ಲಿನ ಕೆಲಸ ಆಗ ವೈದ್ಯರದ್ದಾಗಿರಲಿಲ್ಲ, ಅದು ಕ್ಷೌರಿಕರದ್ದು ಮತ್ತು ಸಂತೆಯಲ್ಲಿ ಹಲ್ಲು ಕೀಳುವವರದ್ದು.

ಸೇತುವೆಯ ಮೇಲಿನ ಹಲ್ಲು ಕೀಳುವವರು

1719ರ ಸುಮಾರಿಗೆ ಫೋಶಾರ್ ಪ್ಯಾರಿಸ್‌ಗೆ ಬಂದರು. ಆ ನಗರದ ಪೋಂ ನೆಫ್ ಸೇತುವೆ ಹಲ್ಲು ಕೀಳುವವರಿಗೆ ಹೆಸರಾದ ಜಾಗ. ಬಣ್ಣದ ಅಂಗಿ, ದೊಡ್ಡ ಟೋಪಿ, ವಾದ್ಯದ ಗದ್ದಲ, ಸುತ್ತ ನೆರೆದ ಜನ. ಅಲ್ಲಿ ಗ್ರಾಂ ತೊಮಾ, ಅಂದರೆ ದೊಡ್ಡ ತೊಮಾ ಎಂದು ಹೆಸರಾಗಿದ್ದ ಭಾರೀ ಆಳು ಒಬ್ಬ ಇದೇ ಕೆಲಸದಿಂದ ಊರಿಗೆಲ್ಲ ಪರಿಚಿತನಾಗಿದ್ದ. ನೋವು ಎಂದು ಬಂದವರಿಗೆ ಇಂಥ ಕಡೆ ಇದ್ದ ಚಿಕಿತ್ಸೆ ಒಂದೇ, ಕೀಳುವುದು. ರೋಗಿಯನ್ನು ನೆಲದ ಮೇಲೆ ಕೂರಿಸಿ, ತಲೆಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಹಲ್ಲು ಎಳೆಯುವುದು ರೂಢಿಯಾಗಿತ್ತು.

ಫೋಶಾರ್ ರೋಗಿಯನ್ನು ಕೈಯಿರುವ ಕುರ್ಚಿಯಲ್ಲಿ, ಬೆಳಕಿನ ಎದುರು ಕೂರಿಸಿದರು. ಇಂದಿನ ದಂತವೈದ್ಯರ ಕುರ್ಚಿಯ ಹಿಂದೆ ಇರುವುದು ಈ ಯೋಚನೆಯೇ. ಗಡಿಯಾರ ಮಾಡುವವರ, ಅಕ್ಕಸಾಲಿಗರ ಸಣ್ಣ ಸಾಧನಗಳನ್ನು ನೋಡಿ ಹಲ್ಲಿಗೆ ತಕ್ಕಂತೆ ಮಾಡಿಸಿಕೊಂಡರು. ಹುಳುಕನ್ನು ಕೆರೆದು ತೆಗೆಯುವುದು, ಗುಳಿಗೆ ತವರ ಅಥವಾ ಸೀಸದ ತೆಳು ಹಾಳೆ ತುಂಬುವುದು, ಓರೆಯಾದ ಹಲ್ಲುಗಳನ್ನು ಲೋಹದ ಪಟ್ಟಿ ಮತ್ತು ದಾರದಿಂದ ಸಾಲಿಗೆ ತರುವುದು ಹೀಗೆ ಅವರ ಕೆಲಸ ಬೆಳೆಯಿತು. ಕೀಳುವುದು ಅವರಿಗೆ ಕೊನೆಯ ಉಪಾಯ.

ಪುಸ್ತಕ ಹುಡುಕಿದರೆ ಹಲ್ಲಿನ ಬಗ್ಗೆ ಸರಿಯಾದ ಒಂದೂ ಸಿಗಲಿಲ್ಲ. ಬಲ್ಲವರು ತಮ್ಮ ವಿದ್ಯೆಯನ್ನು ಗುಟ್ಟಾಗಿಡುತ್ತಿದ್ದರು, ಗುಟ್ಟೇ ಅವರ ಅನ್ನ. ಫೋಶಾರ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿದರು. ತಮ್ಮ ಅನುಭವವನ್ನೆಲ್ಲ ಬರೆದು, 1723ರ ಹೊತ್ತಿಗೆ ಹಸ್ತಪ್ರತಿ ಸಿದ್ಧಮಾಡಿ, ಪ್ಯಾರಿಸ್‌ನ ಹೆಸರಾಂತ ವೈದ್ಯರಿಗೆ ಮತ್ತು ಶಸ್ತ್ರವೈದ್ಯರಿಗೆ ಓದಲು ಕೊಟ್ಟರು. ಅವರ ಒಪ್ಪಿಗೆಯೊಂದಿಗೆ 1728ರಲ್ಲಿ ಎರಡು ಸಂಪುಟಗಳ ಗ್ರಂಥ ಹೊರಬಂತು. ಹೆಸರು ದಂತ ಶಸ್ತ್ರವೈದ್ಯ ಎಂದೇ. ಹಲ್ಲು ಮತ್ತು ಬಾಯಿಯ 103 ಬಗೆಯ ರೋಗಗಳ ವಿವರ, ಸಾಧನಗಳ ಚಿತ್ರಗಳು, ತಾವು ಚಿಕಿತ್ಸೆ ಮಾಡಿದ ರೋಗಿಗಳ ಕಥೆ ಎಲ್ಲ ಅದರಲ್ಲಿದ್ದವು. ಹಲ್ಲು ಕೀಳುವವರು ಜನರನ್ನು ಹೇಗೆ ಮರುಳು ಮಾಡುತ್ತಾರೆ ಎಂಬುದನ್ನೂ ಬಯಲಿಗೆಳೆದಿದ್ದರು. 1733ರಲ್ಲಿ ಅದು ಜರ್ಮನ್ ಭಾಷೆಗೆ ಹೋಯಿತು.

ಅದೇ ಹೊತ್ತಿನಲ್ಲಿ ನಮ್ಮ ಮಲೆನಾಡು ಕೆಳದಿ ಅರಸರ ಆಳ್ವಿಕೆಯಲ್ಲಿತ್ತು. ಬಿದನೂರು ರಾಜಧಾನಿ. ಕಾಳುಮೆಣಸು ಘಟ್ಟ ಇಳಿದು ಯೂರೋಪಿನ ಹಡಗುಗಳನ್ನು ಸೇರುತ್ತಿದ್ದ ಕಾಲ ಅದು.

ಹುಳುಕಿನಲ್ಲಿ ಹುಳ ಇದೆಯೇ?

ಕನ್ನಡದಲ್ಲಿ ಕೊಳೆತ ಹಲ್ಲಿಗೆ ಹುಳುಕು ಹಲ್ಲು ಎನ್ನುತ್ತೇವೆ. ಹುಳ ತಿಂದ ಹಲ್ಲು ಎಂಬ ಮಾತೂ ಇದೆ. ಸುಶ್ರುತ ಸಂಹಿತೆಯ ದಂತರೋಗಗಳ ಪಟ್ಟಿಯಲ್ಲಿ ಕೃಮಿದಂತಕ ಎಂಬ ಹೆಸರಿದೆ. ಪ್ರಾಚೀನ ಬ್ಯಾಬಿಲೋನಿನ ಜೇಡಿಮಣ್ಣಿನ ಫಲಕದಲ್ಲಿಯೂ ಹಲ್ಲು ತಿನ್ನುವ ಹುಳದ ಕಥೆ ಇದೆ. ಅಂದರೆ ಇದು ಒಂದು ಊರಿನ ಮೂಢನಂಬಿಕೆಯಲ್ಲ, ಇಡೀ ಜಗತ್ತು ಸಾವಿರಾರು ವರ್ಷ ನಂಬಿದ್ದ ವಿವರಣೆ.

ನಮ್ಮ ಕಡೆ ಕೆಂಡದ ಮೇಲೆ ನೆಲಗುಳ್ಳದ ಬೀಜ ಹಾಕಿ, ಹೊಗೆಯನ್ನು ಕೊಳವೆಯಲ್ಲಿ ಬಾಯಿಗೆ ಎಳೆದುಕೊಂಡು ಹಲ್ಲಿನ ಹುಳ ಬೀಳಿಸುವ ಮದ್ದು ಇತ್ತು. ಯೂರೋಪಿನಲ್ಲಿ ಇದೇ ಕೆಲಸವನ್ನು ಹೆನ್‌ಬೇನ್ ಎಂಬ ಗಿಡದ ಬೀಜದಿಂದ ಮಾಡುತ್ತಿದ್ದರು. ಎರಡೂ ಬದನೆಯ ಕುಟುಂಬದ ಗಿಡಗಳೇ. ಹೊಗೆ ಹಾಕಿದ ಮೇಲೆ ಪಾತ್ರೆಯ ನೀರಿನಲ್ಲಿ ಬೆಳ್ಳಗಿನ ಸಣ್ಣ ಎಳೆಗಳು ತೇಲುತ್ತವೆ, ಅವನ್ನೇ ಹುಳ ಎಂದು ತೋರಿಸುತ್ತಾರೆ. ಹೆನ್‌ಬೇನ್ ವಿಷಯದಲ್ಲಿ ಗುಟ್ಟು ಬಯಲಾಗಿ ಬಹಳ ಕಾಲವಾಯಿತು. ಬಿಸಿಗೆ ಬೀಜ ಸಿಡಿದು ಅದರೊಳಗಿನ ಮೊಳಕೆಯ ಎಳೆ ಹೊರಬೀಳುತ್ತದೆ. ಹಲ್ಲೇ ಇಲ್ಲದ ಕಡೆ ಬರೀ ಬೀಜ ಸುಟ್ಟರೂ ಆ ಹುಳ ಸಿಗುತ್ತದೆ.

ಫೋಶಾರ್ ಈ ನಂಬಿಕೆಯನ್ನು ಗೇಲಿ ಮಾಡಲಿಲ್ಲ, ಪರೀಕ್ಷೆ ಮಾಡಿದರು. ಆಗ ಸಿಗುತ್ತಿದ್ದ ಒಳ್ಳೆಯ ಸೂಕ್ಷ್ಮದರ್ಶಕವನ್ನು ತಂದು ಕೊಳೆತ ಹಲ್ಲುಗಳನ್ನೂ ಹಲ್ಲಿನ ಪಾಚಿಯನ್ನೂ ಮತ್ತೆ ಮತ್ತೆ ನೋಡಿದರು. ಹಲ್ಲು ಕೊರೆಯುವ ಹುಳ ಕಾಣಲಿಲ್ಲ. ಹುಳುಕಿಗೆ ಹುಳ ಕಾರಣವಲ್ಲ ಎಂದು ತೀರ್ಮಾನಿಸಿದರು. ಅದರ ಬದಲು ಸಕ್ಕರೆ ಮತ್ತು ಸಿಹಿತಿಂಡಿಯ ಕಡೆ ಬೆರಳು ತೋರಿಸಿದರು. ವಸಾಹತುಗಳ ಸಕ್ಕರೆ ಫ್ರಾನ್ಸಿನ ಮನೆಗಳಿಗೆ ಹರಿದು ಬರುತ್ತಿದ್ದ ದಿನಗಳವು.

ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆಯನ್ನು ತಿಂದು ಆಮ್ಲ ಬಿಡುತ್ತದೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂಬ ಪೂರ್ತಿ ವಿವರಣೆಗೆ 1890ರವರೆಗೆ, ವಿಲೋಬಿ ಮಿಲ್ಲರ್ ಅವರ ಸಂಶೋಧನೆಯವರೆಗೆ ಕಾಯಬೇಕಾಯಿತು.

ಹುಳದ ಕಥೆಗೂ ಕ್ಯಾಪ್‌ಗೂ ಸಂಬಂಧವಿದೆ. ಹುಳವೇ ಕಾರಣವಾದರೆ ಅದನ್ನು ತೆಗೆದಲ್ಲಿಗೆ ಹಲ್ಲು ಮೊದಲಿನಂತಾಗಬೇಕು. ಆದರೆ ಕರಗಿ ಹೋದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಕಾರಣವನ್ನು ತೆಗೆದರೂ ಗುಳಿ ಉಳಿಯುತ್ತದೆ. ಆ ಗುಳಿಗೆ ಏನು ಮಾಡಬೇಕು ಎಂಬುದು ಬೇರೆಯೇ ಪ್ರಶ್ನೆ.

ಬೇರು ಉಳಿಸಿ, ತಲೆ ಕೂರಿಸಿ

ಹಲ್ಲಿನ ಮೇಲೆ ಕಾಣುವುದು ಬಿಳಿ ಎನಾಮೆಲ್. ಅದರ ಒಳಗೆ ಡೆಂಟಿನ್. ನಡುವಿನ ಟೊಳ್ಳಿನಲ್ಲಿ ನರ ಮತ್ತು ರಕ್ತನಾಳಗಳಿರುವ ಮೆತ್ತಗಿನ ತಿರುಳು. ಈ ತಿರುಳು ಸಣ್ಣ ನಾಳಗಳಾಗಿ ಬೇರಿನ ತುದಿಯವರೆಗೆ ಇಳಿಯುತ್ತದೆ. ಹುಳುಕು ತಿರುಳನ್ನು ಮುಟ್ಟಿದಾಗ ರಾತ್ರಿ ನಿದ್ದೆ ಕೆಡಿಸುವ ನೋವು ಶುರುವಾಗುತ್ತದೆ. ತಿರುಳು ಕೊಳೆತು ಕೀವಾದರೆ ಊತ ಬರುತ್ತದೆ.

ಫೋಶಾರ್ ಇಂಥ ಹಲ್ಲನ್ನು ಕೀಳುವ ಬದಲು ಸೂಜಿಯಂಥ ಸಾಧನದಿಂದ ತಿರುಳಿನ ಕೋಣೆಯನ್ನು ತೆರೆದು ಕೀವು ಹೊರಬರಲು ದಾರಿ ಮಾಡುತ್ತಿದ್ದರು. ಲವಂಗದ ಅಥವಾ ದಾಲ್ಚಿನ್ನಿಯ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಗುಳಿಯಲ್ಲಿಡುತ್ತಿದ್ದರು. ಕೆಲವು ಕಾಲ ಕಾದು, ನೋವು ಮರುಕಳಿಸದಿದ್ದರೆ ಸೀಸ ತುಂಬಿ ಮುಚ್ಚುತ್ತಿದ್ದರು. ಇಂದಿನ ರೂಟ್ ಕೆನಾಲ್‌ನ ಮೊದಲ ಹೆಜ್ಜೆಗಳನ್ನು ಇದರಲ್ಲಿ ಗುರುತಿಸಬಹುದು. ನಮ್ಮ ಅಜ್ಜಿಯರೂ ಹಲ್ಲುನೋವಿಗೆ ಲವಂಗ ಕಚ್ಚಿಸುತ್ತಿದ್ದರು. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ನರವನ್ನು ಸ್ವಲ್ಪ ಹೊತ್ತು ಮಂಕಾಗಿಸುತ್ತದೆ. ನೋವು ಇಳಿಯುತ್ತದೆ, ಸೋಂಕು ಅಲ್ಲೇ ಇರುತ್ತದೆ.

ಹಲ್ಲಿನ ಮೇಲ್ಭಾಗ ಪೂರ್ತಿ ಹಾಳಾಗಿ ಬೇರು ಮಾತ್ರ ಗಟ್ಟಿಯಾಗಿದ್ದರೆ? ಫೋಶಾರ್ ಆ ಬೇರನ್ನೇ ಅಡಿಪಾಯ ಮಾಡಿಕೊಂಡರು. ಬೇರಿನ ನಾಳವನ್ನು ಹದಮಾಡಿ, ಅದರೊಳಗೆ ಚಿನ್ನದ ಅಥವಾ ಬೆಳ್ಳಿಯ ಕಡ್ಡಿಯನ್ನು ಇಳಿಸಿ, ಬಿಸಿಗೆ ಮೆತ್ತಗಾಗುವ ಅಂಟಿನಿಂದ ಕೂರಿಸಿ, ಕಡ್ಡಿಯ ತುದಿಗೆ ಕೃತಕ ಹಲ್ಲಿನ ತಲೆಯನ್ನು ಜೋಡಿಸುತ್ತಿದ್ದರು. ತಲೆಯನ್ನು ಮಾಡುತ್ತಿದ್ದುದು ನೀರಾನೆಯ ಕೋರೆ, ಎತ್ತಿನ ಮೂಳೆ ಅಥವಾ ಬೇರೆ ಮನುಷ್ಯರ ಹಲ್ಲಿನಿಂದ. ಹೀಗೆ ಕೂರಿಸಿದವು ಹದಿನೈದು ಇಪ್ಪತ್ತು ವರ್ಷ ಬಾಳಿದ್ದೂ ಉಂಟು ಎಂದು ಅವರು ದಾಖಲಿಸಿದ್ದಾರೆ. ಇಂದು ದಂತವೈದ್ಯರು ಪೋಸ್ಟ್ ಮತ್ತು ಕ್ರೌನ್ ಎನ್ನುವುದರ ಅಜ್ಜ ಇದೇ. ಕ್ರೌನ್ ಎಂದರೂ ಕ್ಯಾಪ್ ಎಂದರೂ ಒಂದೇ ವಸ್ತು.

1746ರಲ್ಲಿ ಫೋಶಾರ್ ತಮ್ಮ ಗ್ರಂಥದ ಎರಡನೆಯ ಆವೃತ್ತಿ ತಂದರು. ಅದೇ ವರ್ಷ ಪ್ಯಾರಿಸ್‌ನ ಕ್ಲೋದ್ ಮೂತೋನ್ ಎಂಬ ಇನ್ನೊಬ್ಬ ದಂತವೈದ್ಯರು ತಮ್ಮ ಪುಸ್ತಕದಲ್ಲಿ ಹಲ್ಲಿನ ಮೇಲೆ ಟೋಪಿಯಂತೆ ಕೂರುವ ಚಿನ್ನದ ಕವಚವನ್ನು ವಿವರಿಸಿದರು. ಮುಂಭಾಗದ ಹಲ್ಲಿಗಾದರೆ ಚಿನ್ನದ ಮೇಲೆ ಬಿಳಿ ಎನಾಮೆಲ್ ಲೇಪಿಸಬಹುದು ಎಂದೂ ಬರೆದರು. ಕಳೆದುಹೋದ ತಲೆಯನ್ನು ಮತ್ತೆ ಕೂರಿಸುವುದು ಫೋಶಾರ್ ದಾರಿ, ಇರುವ ತಲೆಯನ್ನು ಸುತ್ತುವರಿದು ಕಾಯುವುದು ಮೂತೋನ್ ದಾರಿ. ಇಂದಿನ ಕ್ಯಾಪ್‌ನಲ್ಲಿ ಎರಡೂ ಸೇರಿವೆ.

ಅವರೂ ಎಡವಿದ ಕಡೆ

ದೊಡ್ಡವರು ಹೇಳಿದ್ದೆಲ್ಲ ಸರಿ ಎಂದೇನಿಲ್ಲ. ಹಲ್ಲುನೋವಿಗೆ ತಮ್ಮದೇ ಮೂತ್ರದಿಂದ ಬಾಯಿ ಮುಕ್ಕಳಿಸಬೇಕೆಂದು ಫೋಶಾರ್ ಸಲಹೆ ಮಾಡಿದ್ದರು. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ, ಇಂದು ಯಾವ ದಂತವೈದ್ಯರೂ ಇದನ್ನು ಹೇಳುವುದಿಲ್ಲ. ಸೀಸ ವಿಷವೆಂದು ತಿಳಿದ ಮೇಲೆ ಸೀಸ ತುಂಬುವುದೂ ನಿಂತಿತು. ಬ್ಯಾಕ್ಟೀರಿಯಾದ ಕಲ್ಪನೆಯೇ ಇಲ್ಲದ ಕಾಲವಾದ್ದರಿಂದ ಬೇರಿನ ನಾಳವನ್ನು ತುದಿಯವರೆಗೆ ಶುದ್ಧಮಾಡಿ ಮುಚ್ಚುವ ವಿಚಾರ ಅವರಿಗೆ ಹೊಳೆಯಲು ಸಾಧ್ಯವಿರಲಿಲ್ಲ. ಅವರು ಕೂರಿಸಿದ ಕಡ್ಡಿಗಳ ಕೆಳಗೆ ಎಷ್ಟೋ ಬೇರುಗಳು ಒಳಗೊಳಗೇ ಕೀವಾಗಿರಬೇಕು.

ಆದರೆ ಅವರು ಗುಟ್ಟು ಮಾಡದೆ ಎಲ್ಲವನ್ನೂ ಬರೆದಿಟ್ಟಿದ್ದರಿಂದ ಮುಂದಿನವರು ತಪ್ಪನ್ನು ಗುರುತಿಸಿ ತಿದ್ದಲು ಸಾಧ್ಯವಾಯಿತು. ಸೇತುವೆಯ ಮೇಲಿನವರ ವಿದ್ಯೆ ಅವರೊಂದಿಗೇ ಮುಗಿಯಿತು, ಫೋಶಾರ್ ವಿದ್ಯೆ ತಿದ್ದಿಸಿಕೊಳ್ಳುತ್ತ ಬೆಳೆಯಿತು.

ಫೋಶಾರ್ ನಟನೆಯ ಮನೆತನದ ಎಲಿಜಬೆತ್ ಶೆಮಾಂ ಅವರನ್ನು 1729ರಲ್ಲಿ ಮದುವೆಯಾಗಿದ್ದರು. ಮಗ ಗ್ರಾಂಮೆನಿಲ್ ಎಂಬ ಹೆಸರಿನಲ್ಲಿ ಫ್ರಾನ್ಸಿನ ಪ್ರಸಿದ್ಧ ನಾಟಕ ಸಂಸ್ಥೆಯ ನಟನಾದ. ಫೋಶಾರ್ 1761ರ ಮಾರ್ಚ್‌ನಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು.

ಮುಂದಿನದು ಬೇಗ ಬೇಗ ನಡೆಯಿತು. 1867ರ ಹೊತ್ತಿಗೆ ಬೇರಿನ ನಾಳ ತುಂಬಲು ಗಟ್ಟಾಪರ್ಚಾ ಎಂಬ ಮರದ ಅಂಟು ಬಂತು, ಇಂದಿಗೂ ಅದೇ ಬಳಕೆಯಲ್ಲಿದೆ. 1880ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಲ್ಯಾಂಡ್ ಪಿಂಗಾಣಿಯ ಕ್ಯಾಪ್ ಮಾಡಿದರು. 1895ರಲ್ಲಿ ಎಕ್ಸ್‌ರೇ ಪತ್ತೆಯಾದ ಮೇಲೆ ಬೇರಿನ ತುದಿ ಕಣ್ಣಿಗೆ ಕಾಣತೊಡಗಿತು. 1907ರಲ್ಲಿ ವಿಲಿಯಂ ಟ್ಯಾಗರ್ಟ್ ಮೇಣದ ಅಚ್ಚಿನಿಂದ ಹಲ್ಲಿನ ಗುಳಿಗೆ ಕರಾರುವಾಕ್ಕಾಗಿ ಲೋಹ ಎರಕ ಹೊಯ್ಯುವ ಕ್ರಮ ತೋರಿಸಿದರು. ಫೋಶಾರ್ ಅರ್ಧಕ್ಕೆ ನಿಲ್ಲಿಸಬೇಕಾಗಿ ಬಂದ ಕೆಲಸ ಪೂರ್ತಿಯಾಯಿತು.

ಹಾಗಾದರೆ ಕ್ಯಾಪ್ ಇಲ್ಲದೆ ಏನಾಗುತ್ತದೆ?

ರೂಟ್ ಕೆನಾಲ್ ಆದ ಹಲ್ಲಿಗೆ ರಕ್ತ ಹರಿಯುವುದಿಲ್ಲ, ಅದಕ್ಕೇ ಒಣಗಿ ಕಟ್ಟಿಗೆಯಂತೆ ಪೆಡಸಾಗುತ್ತದೆ ಎಂಬ ಮಾತನ್ನು ಕೇಳಿರುತ್ತೇವೆ. ಇದು ಪೂರ್ತಿ ಸರಿಯಲ್ಲ. 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೂಟ್ ಕೆನಾಲ್ ಆದ ಹಲ್ಲುಗಳನ್ನು ಅದೇ ಬಾಯಿಯ ಇನ್ನೊಂದು ಬದಿಯ ಜೀವಂತ ಹಲ್ಲುಗಳೊಂದಿಗೆ ಹೋಲಿಸಿ ನೋಡಿದರು. ಡೆಂಟಿನ್‌ನ ಗಟ್ಟಿತನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ನಿಜವಾದ ಕಾರಣ ಹಲ್ಲಿನಲ್ಲಿ ಉಳಿದಿರುವ ಗೋಡೆ. 1989ರಲ್ಲಿ ಅಮೆರಿಕದ ಸಂಶೋಧಕರು ಕಿತ್ತ ಹಲ್ಲುಗಳ ಮೇಲೆ ಅಳತೆ ಮಾಡಿದರು. ರೂಟ್ ಕೆನಾಲ್‌ಗೆಂದು ಮೇಲಿನಿಂದ ತೂತು ಮಾಡಿದ್ದರಿಂದ ಹಲ್ಲಿನ ಬಿಗಿ ಕಡಿಮೆಯಾದದ್ದು ಕೇವಲ ಶೇ. 5ರಷ್ಟು. ಆದರೆ ಹುಳುಕು ತೆಗೆಯಲು ಹಲ್ಲಿನ ನೆತ್ತಿಯಲ್ಲಿ ಗುಳಿ ತೋಡಿದಾಗ ಶೇ. 20ರಷ್ಟು ಇಳಿಯಿತು. ಗುಳಿ ಹಲ್ಲಿನ ಮುಂದಿನ ಮತ್ತು ಹಿಂದಿನ ಅಂಚುಗಳನ್ನೂ ಸೇರಿಸಿಕೊಂಡಾಗ ಶೇ. 63ರಷ್ಟು ಬಿಗಿ ಹೋಯಿತು. ರೂಟ್ ಕೆನಾಲ್ ಬೇಕಾಗುವ ಹಲ್ಲುಗಳಲ್ಲಿ ಸಾಮಾನ್ಯವಾಗಿ ಹುಳುಕು ಆ ಅಂಚುಗಳನ್ನು ಮೊದಲೇ ತಿಂದಿರುತ್ತದೆ.

ದವಡೆ ಹಲ್ಲಿನ ನೆತ್ತಿಯಲ್ಲಿ ನಾಲ್ಕೈದು ಉಬ್ಬುಗಳಿವೆ. ಅಂಚುಗಳಿದ್ದಾಗ ಅವು ಈ ಉಬ್ಬುಗಳನ್ನು ಪರಸ್ಪರ ಹಿಡಿದಿಡುತ್ತವೆ. ಅಂಚು ಹೋದರೆ ಪ್ರತಿ ಉಬ್ಬೂ ಒಂಟಿ ಕಂಬವಾಗುತ್ತದೆ. ಅಗಿಯುವಾಗ ಎದುರಿನ ಹಲ್ಲು ನಡುವೆ ಬಂದು ಒತ್ತಿದರೆ ಕಟ್ಟಿಗೆಗೆ ಬೆಣೆ ಹೊಡೆದಂತೆ. ಪ್ರತಿ ಸಲ ಗೋಡೆಗಳು ಕೂದಲೆಳೆಯಷ್ಟು ಹೊರಕ್ಕೆ ಬಾಗುತ್ತವೆ. ದಿನಕ್ಕೆ ನೂರಾರು ಸಲ, ವರ್ಷಗಟ್ಟಲೆ. ಕೊನೆಗೊಂದು ದಿನ ಸೀಳುತ್ತವೆ.

ಹಿಂದೆ ಬಡಗಿಯ ಉಳಿಯ ಹಿಡಿಗೆ ಲೋಹದ ಬಳೆ ಹಾಕುತ್ತಿದ್ದರು, ಒನಕೆಯ ತುದಿಗೂ ಹಾಕುತ್ತಿದ್ದರು. ಸುತ್ತಿಗೆ ಬಿದ್ದಾಗ, ಕುಟ್ಟುವಾಗ ಮರ ಸೀಳದಿರಲೆಂದು. ಕ್ಯಾಪ್ ಮಾಡುವುದೂ ಅದೇ ಕೆಲಸವನ್ನು. ಅದು ಹಲ್ಲನ್ನು ಸುತ್ತಲಿಂದ ತಬ್ಬಿ ಹಿಡಿದು ಗೋಡೆಗಳು ಹೊರಕ್ಕೆ ಬಾಗದಂತೆ ತಡೆಯುತ್ತದೆ. ಈ ಹಿಡಿತ ಸಿಗಬೇಕಾದರೆ ವಸಡಿನ ಮೇಲೆ ಸುತ್ತಲೂ ಒಂದೂವರೆಯಿಂದ ಎರಡು ಮಿಲಿಮೀಟರ್ ಗಟ್ಟಿ ಹಲ್ಲು ಉಳಿದಿರಬೇಕು. ಕ್ಯಾಪ್ ಮುಂದೂಡಿ ಹಲ್ಲು ಮುರಿದರೆ ಮೊದಲು ಹೋಗುವುದು ಈ ಎರಡು ಮಿಲಿಮೀಟರ್.

ಇನ್ನೂ ಎರಡು ಕಾರಣಗಳಿವೆ. ಮೊದಲನೆಯದು, ತಿರುಳು ಇಲ್ಲದ ಹಲ್ಲಿಗೆ ಭಾರದ ಅರಿವು ಕಡಿಮೆ. ಜೀವಂತ ಹಲ್ಲಿನಲ್ಲಿ ಕಲ್ಲು ಸಿಕ್ಕರೆ ತಕ್ಷಣ ಬಾಯಿ ತೆರೆಯುತ್ತೇವೆ. 1986ರ ಒಂದು ಅಧ್ಯಯನದಲ್ಲಿ ತಿರುಳಿಲ್ಲದ ಹಲ್ಲಿಗೆ ನೋವು ತಿಳಿಯುವ ಹೊತ್ತಿಗೆ ಅದರ ಮೇಲೆ ಜೀವಂತ ಹಲ್ಲಿಗಿಂತ ಎರಡು ಪಟ್ಟು ಹೆಚ್ಚು ಭಾರ ಬಿದ್ದಿರುವುದು ಕಂಡುಬಂತು. ಎರಡನೆಯದು, ತಾತ್ಕಾಲಿಕ ಸಿಮೆಂಟ್ ಸವೆದರೆ ಜೊಲ್ಲು ಮತ್ತು ಬ್ಯಾಕ್ಟೀರಿಯಾ ಮತ್ತೆ ಬೇರಿನ ನಾಳಕ್ಕೆ ಇಳಿಯುತ್ತವೆ. ನೋವು ತೋರಿಸಲು ನರವಿಲ್ಲ, ಕೀವು ಮೂಳೆಗೆ ಬಂದ ಮೇಲೆಯೇ ಗೊತ್ತಾಗುವುದು.

ಕ್ಯಾಪ್ ಹಾಕಿಸದ ರೂಟ್ ಕೆನಾಲ್ ಹಲ್ಲುಗಳನ್ನು ಕಳೆದುಕೊಳ್ಳುವ ಪ್ರಮಾಣ, ಹಾಕಿಸಿದವುಗಳಿಗಿಂತ ಆರು ಪಟ್ಟು ಹೆಚ್ಚು ಎಂದು 2002ರ ಒಂದು ಅಧ್ಯಯನ ಹೇಳಿತು.

ಕವಳದ ನಾಡಿನಲ್ಲಿ

ಮಲೆನಾಡಿನಲ್ಲಿ ಅಡಿಕೆ ಬೆಳೆಯೂ ಹೌದು, ಬಾಯಿಯ ಅಭ್ಯಾಸವೂ ಹೌದು. ಚೆನ್ನಾಗಿ ಬಲಿತು ಒಣಗಿದ ಅಡಿಕೆ ಅನ್ನ ರೊಟ್ಟಿಯಂತಲ್ಲ, ಅದು ಹಲ್ಲಿಗೆ ಬಹಳ ಗಟ್ಟಿ ವಸ್ತು. ವರ್ಷಗಟ್ಟಲೆ ಕವಳ ಹಾಕುವವರ ಹಲ್ಲಿನ ನೆತ್ತಿ ಸವೆದು ಚಪ್ಪಟೆಯಾಗಿರುವುದನ್ನು, ಸಣ್ಣ ಬಿರುಕುಗಳಿರುವುದನ್ನು ದಂತವೈದ್ಯರು ನೋಡುತ್ತಲೇ ಇರುತ್ತಾರೆ. ಇಂಥ ಬಾಯಿಯಲ್ಲಿ ಕ್ಯಾಪ್ ಇಲ್ಲದ ರೂಟ್ ಕೆನಾಲ್ ಹಲ್ಲು ಉಳಿಯುವ ಭರವಸೆ ಇನ್ನೂ ಕಡಿಮೆ. ಅಡಿಕೆ ಅಗಿಯುವುದು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ವರ್ಗೀಕರಿಸಿದೆ, ಹೊಗೆಸೊಪ್ಪು ಸೇರದಿದ್ದರೂ ಕೂಡ. ಬಿಡಲು ಹಲ್ಲು ಒಂದು ನೆಪವಾದರೆ ಒಳ್ಳೆಯದೇ.

ಎಲ್ಲ ಹಲ್ಲಿಗೂ ಕ್ಯಾಪ್ ಬೇಕೆಂದಿಲ್ಲ. ಬಾಚಿಹಲ್ಲು ಅಥವಾ ಕೋರೆಹಲ್ಲಿನಲ್ಲಿ ತೂತು ಸಣ್ಣದಾಗಿದ್ದು ಉಳಿದ ಹಲ್ಲು ಗಟ್ಟಿಯಾಗಿದ್ದರೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಸಾಕಾಗಬಹುದು. ದವಡೆ ಹಲ್ಲಿನಲ್ಲಿಯೂ ಅಂಚುಗಳೆಲ್ಲ ಉಳಿದಿದ್ದರೆ, ಅಪರೂಪಕ್ಕೆ, ವೈದ್ಯರು ಬೇರೆ ದಾರಿ ಸೂಚಿಸಬಹುದು. ನನ್ನ ಹಲ್ಲಿನಲ್ಲಿ ಎಷ್ಟು ಗೋಡೆ ಉಳಿದಿದೆ ಎಂದು ಕೇಳುವುದು ನಿಮ್ಮ ಹಕ್ಕು, ಒಳ್ಳೆಯ ವೈದ್ಯರು ಎಕ್ಸ್‌ರೇ ತೋರಿಸಿ ವಿವರಿಸುತ್ತಾರೆ.

ಕಡ್ಡಿ ಅಥವಾ ಪೋಸ್ಟ್ ಹಾಕಿಸಿದರೆ ಹಲ್ಲು ಬಲವಾಗುತ್ತದೆ, ಆಮೇಲೆ ಕ್ಯಾಪ್ ಬೇಡ ಎಂಬುದೂ ತಪ್ಪು ತಿಳಿವಳಿಕೆ. ಪೋಸ್ಟ್ ಇರುವುದು ಮೇಲಿನ ಕಟ್ಟಡವನ್ನು ಹಿಡಿದಿಡಲು, ಫೋಶಾರ್ ಕಾಲದಲ್ಲಿ ಇದ್ದಂತೆಯೇ. ಬೇರನ್ನು ಅದು ಗಟ್ಟಿಮಾಡುವುದಿಲ್ಲ, ಅಗತ್ಯಕ್ಕಿಂತ ದಪ್ಪನಾದರೆ ಬೇರನ್ನೇ ದುರ್ಬಲಗೊಳಿಸುತ್ತದೆ.

ಖರ್ಚಿನ ಚಿಂತೆಯಿದ್ದರೆ ಅದನ್ನು ರೂಟ್ ಕೆನಾಲ್ ಶುರುಮಾಡುವ ಮೊದಲೇ ವೈದ್ಯರ ಮುಂದೆ ಹೇಳಿ, ಕ್ಯಾಪ್ ಸೇರಿಸಿ ಒಟ್ಟು ಎಷ್ಟಾಗುತ್ತದೆ ಎಂದು ಕೇಳಿ. ಕ್ಯಾಪ್‌ಗಳಲ್ಲಿ ಬರೀ ಲೋಹದ್ದು, ಲೋಹದ ಮೇಲೆ ಪಿಂಗಾಣಿ ಇರುವುದು, ಜಿರ್ಕೋನಿಯಾದ್ದು ಎಂದು ಹಲವು ಬಗೆಗಳಿವೆ. ಹಿಂದಿನ ದವಡೆ ಹಲ್ಲಿಗೆ ಅಂದಕ್ಕಿಂತ ಬಲ ಮುಖ್ಯ. ಅಲ್ಲಿ ಕಡಿಮೆ ಬೆಲೆಯ ಲೋಹದ ಕ್ಯಾಪ್ ಕೂಡ ಚೆನ್ನಾಗಿ ಬಾಳುತ್ತದೆ. ಶಿವಮೊಗ್ಗ, ಮಣಿಪಾಲ, ಮಂಗಳೂರಿನಲ್ಲಿ ದಂತವೈದ್ಯಕೀಯ ಕಾಲೇಜುಗಳಿವೆ. ಕಾಲೇಜು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ಸಿಗುತ್ತದೆ.

ರೂಟ್ ಕೆನಾಲ್ ಮುಗಿದ ಮೇಲೆ ಕ್ಯಾಪ್ ಕೂರಿಸಲು ವೈದ್ಯರು ಸಾಮಾನ್ಯವಾಗಿ ಕೆಲವು ವಾರಗಳ ಒಳಗಿನ ದಿನ ಕೊಡುತ್ತಾರೆ. ಆ ದಿನ ಕೊಯ್ಲಿನ ನಡುವೆ ಬಿದ್ದರೂ ತಪ್ಪಿಸಬೇಡಿ. ಅಲ್ಲಿಯವರೆಗೆ ಆ ಬದಿಯಲ್ಲಿ ಅಡಿಕೆ, ಚಕ್ಕುಲಿ, ಮೂಳೆ ಕಚ್ಚಬೇಡಿ. ಕ್ಯಾಪ್ ಹಾಕಿದ ಮೇಲೂ ಅದರ ಅಂಚಿನಲ್ಲಿ, ವಸಡಿಗೆ ಸೇರುವ ಕಡೆ ಹುಳುಕು ಹಿಡಿಯಬಹುದು. ದಿನಕ್ಕೆ ಎರಡು ಸಲ ಹಲ್ಲುಜ್ಜುವುದು, ಹಲ್ಲಿನ ಸಂದಿ ಶುದ್ಧಮಾಡುವುದು ತಪ್ಪಬಾರದು.

ಕೀಳುವುದು ಸುಲಭ, ಅದನ್ನು ಸೇತುವೆಯ ಮೇಲೆಯೂ ಮಾಡಬಹುದಿತ್ತು. ಉಳಿಸುವುದಕ್ಕೆ ತಾಳ್ಮೆ ಬೇಕು, ಕೊನೆಯ ಹೆಜ್ಜೆಯವರೆಗೂ ಹೋಗಬೇಕು. ಎಕ್ಸ್‌ರೇ ಇಲ್ಲದೆ, ಅರಿವಳಿಕೆ ಇಲ್ಲದೆ, ಬ್ಯಾಕ್ಟೀರಿಯಾ ಎಂಬ ಹೆಸರೂ ಕೇಳದೆ ಫೋಶಾರ್ ಒಂದೊಂದು ಬೇರಿಗಾಗಿ ಅಷ್ಟು ಕಷ್ಟಪಟ್ಟರು. ನಮ್ಮ ಕಾಲದಲ್ಲಿ ಉಳಿದಿರುವುದು ಪೇಟೆಗೆ ಇನ್ನೊಂದು ಸಲ ಹೋಗಿಬರುವ ಕೆಲಸ ಮಾತ್ರ.